ಪ್ಲಾಸ್ಟಿಕ್ ಡಬ್ಬಿಯ ಮೇಲಿನ ಹೆಸರು

ರಬೀಉಲ್ ಅವ್ವಲ್ ತಿಂಗಳಿಗೆ ಇನ್ನು ಹದಿನೈದು ದಿನ ಇತ್ತು. ಇಶಾ ನಮಾಝ್ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದೆ. ಬಾಗಿಲಲ್ಲಿ ಯಾರೋ ಸಲಾಮ್ ಹೇಳಿದರು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ನಿಂತ. "ಉಸ್ತಾದ್, ಮೊದಲು ಇದನ್ನು ನೋಡಿ. ಆಮೇಲೆ ಒಳಗೆ ಬರುತ್ತೇನೆ" ಎಂದು ಚೀಲವನ್ನು ಜಗಲಿಯ ಮೇಲೆ ಸುರಿದ.

ಆರು ಟಿಫಿನ್ ಡಬ್ಬಿಗಳು. ಬಿಳಿ ಪ್ಲಾಸ್ಟಿಕ್‌ನವು. ಒಂದರ ಮುಚ್ಚಳ ಹಪ್ಪಳದ ಹಾಗೆ ಸುರುಟಿತ್ತು. ಇನ್ನೊಂದರ ಮೂಲೆ ಬಿಸಿ ಕಾವಲಿಗೆ ಬಿದ್ದ ಬೆಣ್ಣೆಯಂತೆ ಕರಗಿ ಇಳಿದಿತ್ತು. ಮೂರನೆಯದಕ್ಕೆ ಕಾಗದವೇ ಅಂಟಿಕೊಂಡಿತ್ತು, ಕೀಳಲು ಹೋದರೆ ಪ್ಲಾಸ್ಟಿಕ್ ಎದ್ದು ಬರುತ್ತಿತ್ತು. ಆ ಕಾಗದದ ಹಿಂದಿನಿಂದ ನಮ್ಮ ಮದ್ರಸದ ಹೆಸರು ಮಸುಕಾಗಿ ಕಾಣುತ್ತಿತ್ತು.

ಹಿನ್ನೆಲೆ ಇಷ್ಟು. ಹುಡುಗ ಕೆಲವು ವರ್ಷ ಗಲ್ಫ್‌ನಲ್ಲಿದ್ದು ಊರಿಗೆ ಮರಳಿದ್ದ. ಇಲ್ಲಿ ಮುದ್ರಣದ ಕೆಲಸ ಮಾಡಬೇಕೆಂದು ಆಸೆ. ಬಡ್ಡಿ ಸಾಲ ಬೇಡವೆಂದು ಅವನ ಉಮ್ಮ ತಮ್ಮ ಎರಡು ಬಳೆಗಳನ್ನು ಮಾರಿ ಕೊಟ್ಟಿದ್ದರು. ಅದರಲ್ಲಿ ಒಂದು ಪ್ರಿಂಟರ್, ಬಟ್ಟೆಗೆ ಒತ್ತುವ ಒಂದು ಹೀಟ್ ಪ್ರೆಸ್, ಮಗ್‌ಗೆ ಒಂದು ಚಿಕ್ಕ ಪ್ರೆಸ್ ಬಂದವು. ಮಗ್‌ಗಳ ಮೇಲೆ, ಕ್ರಿಕೆಟ್ ತಂಡಗಳ ಜೆರ್ಸಿಯ ಮೇಲೆ ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದ. ಮೀಲಾದ್ ಸ್ಪರ್ಧೆಗಳ ಬಹುಮಾನಕ್ಕೆ ಈ ಸಲ ಬಕೆಟ್, ಬಸಿ ಬೇಡ, ಮಕ್ಕಳ ಹೆಸರು ಬರೆದ ಟಿಫಿನ್ ಡಬ್ಬಿ ಕೊಡೋಣ ಎಂದು ಕಮಿಟಿಯಲ್ಲಿ ಮಾತು ಬಂದಾಗ ನಾನೇ ಬಾಯಿ ಹಾಕಿದೆ. "ಪೇಟೆಯವರಿಗೆ ಏಕೆ ಕೊಡಬೇಕು? ನಮ್ಮ ಮದ್ರಸದಲ್ಲಿ ಕಲಿತ ಹುಡುಗನೇ ಇದ್ದಾನಲ್ಲ!" 140 ಡಬ್ಬಿಗಳ ಕೆಲಸ ಅವನಿಗೆ ಸಿಕ್ಕಿತು. ಮುಂಗಡವನ್ನೂ ಕೊಟ್ಟರು. ಮುಂಗಡದ ಹಣದಲ್ಲಿ ಅವನು ಡಬ್ಬಿಗಳನ್ನು ಸಗಟಾಗಿ ತಂದುಬಿಟ್ಟ. ಒಂದೇ ಒಂದು ಡಬ್ಬಿಯನ್ನು ಮೊದಲು ಒತ್ತಿ ನೋಡಬೇಕೆಂದು ಅವನಿಗೂ ತೋಚಲಿಲ್ಲ, "ಪ್ಲಾಸ್ಟಿಕ್ ಮೇಲೆ ಮಾಡಿ ಗೊತ್ತುಂಟಾ?" ಎಂದು ಕೇಳಬೇಕೆಂದು ನನಗೂ ತೋಚಲಿಲ್ಲ.

ನಾನು ಓದಿದ್ದು ದರ್ಸ್‌ನಲ್ಲಿ ಅರಬಿ, ಆಮೇಲೆ ಬಿ.ಎ. ವಿಜ್ಞಾನದ ಗಂಧ ಕಡಿಮೆ. ಆ ರಾತ್ರಿ ಅವನಿಂದಲೇ ಪಾಠ ಹೇಳಿಸಿಕೊಂಡೆ. ಉಳಿದದ್ದನ್ನು ಆ ಬಳಿಕ ಕೇಳಿ, ಓದಿ ತಿಳಿದುಕೊಂಡೆ. ನಮ್ಮ ಎಷ್ಟೋ ಮನೆಗಳಲ್ಲಿ ಯುವಕರು, ಸಹೋದರಿಯರು ಈ ಯಂತ್ರವನ್ನು ತರುವ ಯೋಚನೆಯಲ್ಲಿದ್ದಾರೆ. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಪಾಟಿನಲ್ಲಿಟ್ಟ ನುಸಿ ಗುಳಿಗೆ ದಿನ ಕಳೆದಂತೆ ಚಿಕ್ಕದಾಗುತ್ತದೆ. ಆದರೆ ಬಟ್ಟೆ ಒದ್ದೆಯಾಗುವುದಿಲ್ಲ. ಘನವಸ್ತು ನೀರಾಗದೆ ನೇರವಾಗಿ ಆವಿಯಾಗುವ ಈ ಕ್ರಿಯೆಗೆ ಶಾಲೆಯ ಪುಸ್ತಕಗಳಲ್ಲಿ ಉತ್ಪತನ ಎಂದು ಹೆಸರು. ಮಯ್ಯಿತ್ ಸ್ನಾನದ ಕೊನೆಯ ನೀರಿಗೆ ಹಾಕುವ ಕರ್ಪೂರದ ಗುಣವೂ ಇದೇ. ಹಿಂದೆ ಬೀದಿಯಲ್ಲಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು ಬಿಸಿ ಪಾತ್ರೆಗೆ ಒಂದು ಚಿಟಿಕೆ ನವಸಾಗರ ಉದುರಿಸಿದಾಗ ದಟ್ಟ ಬಿಳಿ ಹೊಗೆ ಏಳುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದು ಅಮೋನಿಯಂ ಕ್ಲೋರೈಡ್, ಉತ್ಪತನಕ್ಕೆ ಹೆಸರಾದ ವಸ್ತು. ಅರಬಿಯಲ್ಲಿ ಅದಕ್ಕೆ ನೂಶಾದಿರ್ ಎನ್ನುತ್ತಾರೆ. ಉತ್ಪತನಕ್ಕೆ ಅರಬಿ ರಸಾಯನ ಗ್ರಂಥಗಳಲ್ಲಿ ತಸ್‌ಈದ್, ಅಂದರೆ ಮೇಲೇರಿಸುವುದು, ಎಂಬ ಪದವಿದೆ. ಕ್ರಿ.ಶ. 10ನೇ ಶತಮಾನದ ಆರಂಭದಲ್ಲಿ ತೀರಿಕೊಂಡ ವೈದ್ಯ ಅಬೂಬಕರ್ ಅರ್‍ರಾಝಿ ಇದನ್ನು ಮಾಡುವ ಪಾತ್ರೆಯನ್ನೂ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಅದರ ಹೆಸರು ಅಲ್ ಉಸಾಲ್. ಯುರೋಪಿನವರ ಬಾಯಲ್ಲಿ ಅದು ಅಲುಡೆಲ್ ಆಯಿತು. ನಮ್ಮ ಹುಡುಗರು ಚೀನಾದ ಯಂತ್ರದ ಮುಂದೆ ನಿಂತು ಮಾಡುವ ಕೆಲಸದ ಬೇರು ನಾವು ಓದುವ ಭಾಷೆಯಲ್ಲೂ ಇದೆ ಎಂದು ತಿಳಿದಾಗ ನನಗೆ ಖುಷಿಯಾಯಿತು. ಅವನಿಗೆ ಹೇಳಿದೆ. ಕರಗಿದ ಡಬ್ಬಿಗಳನ್ನು ಎದುರಿಗಿಟ್ಟುಕೊಂಡು ಅವನು ನಗಲಿಲ್ಲ.

ಈ ಮುದ್ರಣದ ಶಾಯಿಯಲ್ಲಿರುವುದು ಡಿಸ್ಪರ್ಸ್ ಡೈ ಎಂಬ ಜಾತಿಯ ಬಣ್ಣ. ಮೊದಲು ಅದನ್ನು ವಿಶೇಷ ಲೇಪನವಿರುವ ಕಾಗದದ ಮೇಲೆ ಮುದ್ರಿಸುತ್ತಾರೆ. ಈ ಲೇಪನ ಬಣ್ಣವನ್ನು ಮೇಲ್ಮೈಯಲ್ಲೇ ಹಿಡಿದಿಟ್ಟು, ಬಿಸಿ ತಾಗಿದಾಗ ಬಿಟ್ಟುಕೊಡುತ್ತದೆ. ಸಾಮಾನ್ಯ ಕಾಗದದಲ್ಲಿ ಬಣ್ಣ ಒಳಗಿಳಿದು ಕೂತುಬಿಡುತ್ತದೆ, ಪೂರ್ತಿ ಹೊರಬರುವುದಿಲ್ಲ. ಕಾಗದದ ಮೇಲೆ ಚಿತ್ರ ಸಪ್ಪೆಯಾಗಿ ಕಾಣುತ್ತದೆ, ಗಾಬರಿಯಾಗಬೇಕಿಲ್ಲ. 180ರಿಂದ 210 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿದಾಗ ಬಣ್ಣ ಆವಿಯಾಗಿ ಎದುರಿನ ವಸ್ತುವಿನೊಳಕ್ಕೆ ಹೊಗುತ್ತದೆ. ಆ ವಸ್ತು ಪಾಲಿಯೆಸ್ಟರ್ ಆಗಿದ್ದರೆ ಬಿಸಿಗೆ ಅದರ ಕಣಗಳು ಸಡಿಲಗೊಂಡು ಬಣ್ಣಕ್ಕೆ ದಾರಿ ಕೊಡುತ್ತವೆ, ತಣಿದಾಗ ಮುಚ್ಚಿಕೊಳ್ಳುತ್ತವೆ. ಬಣ್ಣ ಒಳಗೆ ಸೆರೆಯಾಗುತ್ತದೆ. ಆದ್ದರಿಂದಲೇ ಜೆರ್ಸಿಯ ಮೇಲಿನ ಅಕ್ಷರ ಕೈಗೆ ತಾಗುವುದಿಲ್ಲ, ಒಗೆದರೆ ಸುಲಿಯುವುದಿಲ್ಲ. ಈ ವಿಧಾನದ ಹೆಗ್ಗಳಿಕೆ ಸಾಮಾನ್ಯವಾಗಿ 1957ರಲ್ಲಿ ಫ್ರಾನ್ಸಿನ ರೂಬೆ ಪಟ್ಟಣದ ಉಣ್ಣೆ ಕಂಪೆನಿಯೊಂದರಲ್ಲಿದ್ದ ನೊಯೆಲ್ ದ ಪ್ಲಾಸ್ ಎಂಬವರಿಗೆ ಸಲ್ಲುತ್ತದೆ.

ಹತ್ತಿ ಬಟ್ಟೆ ಈ ಬಣ್ಣವನ್ನು ಹಿಡಿಯುವುದಿಲ್ಲ. ಪಿಂಗಾಣಿಯೂ ಹಿಡಿಯುವುದಿಲ್ಲ. ಹಾಗಾದರೆ ಮಗ್‌ನ ಮೇಲೆ ಬರುವುದು ಹೇಗೆ? ಈ ಕೆಲಸಕ್ಕೆಂದೇ ಮಾರುವ ಮಗ್‌ಗಳಿಗೆ ಪಾಲಿಯೆಸ್ಟರಿನ ತೆಳ್ಳಗಿನ ಲೇಪನ ಇರುತ್ತದೆ. ಮುದ್ರಣ ಆಗುವುದು ಆ ಲೇಪನದ ಮೇಲೆ. ಅಡುಗೆಮನೆಯ ಸಾದಾ ಮಗ್ ತಂದು ಒತ್ತಿದರೆ ಒಂದೇ ತೊಳೆತಕ್ಕೆ ಚಿತ್ರ ಹೋಗುತ್ತದೆ.

ನಮ್ಮ ಹುಡುಗ ಎಡವಿದ್ದು ಇಲ್ಲಿಯೇ. ಮಗ್‌ನ ಮೇಲಿನ ಪದರ ಪ್ಲಾಸ್ಟಿಕ್ ಜಾತಿಯದ್ದು, ಜೆರ್ಸಿಯ ನೂಲು ಪ್ಲಾಸ್ಟಿಕ್ ಜಾತಿಯದ್ದು, ಹಾಗಾದರೆ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಇನ್ನೂ ಚೆನ್ನಾಗಿ ಬರಬೇಕಲ್ಲ! ಕೇಳಲು ಸರಿಯಾಗಿಯೇ ಇದೆ. ಆದರೆ ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಡಬ್ಬಿ, ಬಾಟಲಿಗಳ ಅಡಿಯಲ್ಲಿ ತ್ರಿಕೋನದೊಳಗೆ ಒಂದು ಅಂಕೆ ಇರುತ್ತದೆ, ನೋಡಿ. 1 ಎಂದರೆ ನೀರಿನ ಬಾಟಲಿಯ ಪೆಟ್. 2 ಮತ್ತು 4 ಎರಡು ಬಗೆಯ ಪಾಲಿಥೀನ್. 3 ಪಿವಿಸಿ. 5 ಪಾಲಿಪ್ರೊಪಿಲೀನ್. 6 ಪಾಲಿಸ್ಟೈರೀನ್. ಉಳಿದವೆಲ್ಲ 7. ಟಿಫಿನ್ ಡಬ್ಬಿಗಳಲ್ಲಿ ಹೆಚ್ಚಾಗಿ ಕಾಣುವುದು 5. ಅವನು ತಂದ ಡಬ್ಬಿಗಳೂ 5. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ. ಅವನು ಅದರ ಮುಚ್ಚಳವನ್ನು 200 ಡಿಗ್ರಿಯಲ್ಲಿ ಒತ್ತಿದ. ಪಾಲಿಥೀನ್ ಇನ್ನೂ ಬೇಗ, 110ರಿಂದ 130ರ ಆಸುಪಾಸಿನಲ್ಲೇ ಕರಗುತ್ತದೆ. ಪಾಲಿಸ್ಟೈರೀನ್ ಮತ್ತು ಅಕ್ರಿಲಿಕ್ ನೂರರ ಆಚೀಚೆ ಮೆತ್ತಗಾಗುತ್ತವೆ. ಪಿವಿಸಿಯನ್ನಂತೂ ಹೀಟ್ ಪ್ರೆಸ್ಸಿಗೆ ಒಡ್ಡಲೇಬಾರದು. ಅತಿಯಾಗಿ ಕಾದರೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಕಣ್ಣಿಗೂ ಶ್ವಾಸಕೋಶಕ್ಕೂ ಕೆಟ್ಟದ್ದು. ಮನೆಯ ಕೋಣೆಯಲ್ಲಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಯೋಗ ಮಾಡುವವರು ಇದನ್ನು ಮರೆಯಬಾರದು.

ಇನ್ನೊಂದು ಸ್ವಾರಸ್ಯ. ಪಾಲಿಯೆಸ್ಟರ್ ಬಟ್ಟೆ ಮತ್ತು ನೀರಿನ ಬಾಟಲಿ ಎರಡೂ ಒಂದೇ ವಸ್ತು, ಪೆಟ್. ಅದು ಕರಗಲು 250 ಡಿಗ್ರಿ ದಾಟಬೇಕು. ಆದರೂ ಬಾಟಲಿಗೆ ಬಿಸಿ ನೀರು ಸುರಿದರೆ ಸಾಕು, ಮುದುಡಿಹೋಗುತ್ತದೆ. ಏಕೆಂದರೆ ಬಾಟಲಿಯನ್ನು ಬಿಸಿಯಲ್ಲಿ ಎಳೆದು, ಊದಿ, ಥಟ್ಟನೆ ತಣಿಸಿ ಆಕಾರ ಕೊಟ್ಟಿರುತ್ತಾರೆ. ಮತ್ತೆ ಬಿಸಿ ತಾಗಿದಾಗ ಅದು ತನ್ನ ಮೊದಲಿನ ಗಾತ್ರಕ್ಕೆ ಮರಳಲು ನೋಡುತ್ತದೆ. ಬಟ್ಟೆಯ ನೂಲನ್ನಾದರೋ ಶಾಖದಲ್ಲೇ ಹದಗೊಳಿಸಿ ನಿಲ್ಲಿಸಿರುತ್ತಾರೆ. ಹೀಗೆ ಒಂದೇ ವಸ್ತು, ಬೆಳೆಸಿದ ರೀತಿ ಬೇರೆ. ಮಕ್ಕಳಿಗೆ ಪಾಠ ಹೇಳುವ ನನಗೆ ಈ ಮಾತು ಬೇರೆ ಕಡೆಗೂ ಎಳೆಯುತ್ತದೆ, ಇರಲಿ.

ಕತೆಗೆ ಬರೋಣ. ಮರುದಿನದಿಂದ ಅವನು ಮೂರು ರಾತ್ರಿ ನಿದ್ದೆಗೆಟ್ಟು ಪ್ರಯೋಗ ಮಾಡಿದ. ಶಾಖವನ್ನು 120 ಡಿಗ್ರಿಗೆ ಇಳಿಸಿದ. ಒತ್ತಡ ಕಡಿಮೆ ಮಾಡಿ, ಸಮಯ ಹೆಚ್ಚಿಸಿದ. ಸುಮಾರು ನಲವತ್ತು ಡಬ್ಬಿಗಳು ಹಾಳಾದವು. ನಾಲ್ಕನೆಯ ದಿನ ಸುಬ್‌ಹಿ ಕಳೆದ ಕೂಡಲೇ ನಾಲ್ಕು ಡಬ್ಬಿ ಹಿಡಿದು ಬಂದ. ಮುಖದಲ್ಲಿ ಬೆಳಕಿತ್ತು. ಮುಚ್ಚಳ ನೆಟ್ಟಗಿತ್ತು. ಮೇಲೆ ಮದ್ರಸದ ಹೆಸರು ತಿಳಿ ಹಸಿರಿನಲ್ಲಿ ಮೂಡಿತ್ತು. ಸ್ವಲ್ಪ ಸಪ್ಪೆ, ಆದರೆ ಓದಬಹುದು. ನಾನೂ ಅಲ್‌ಹಮ್ದುಲಿಲ್ಲಾಹ್ ಅಂದೆ.

ಡಬ್ಬಿಯನ್ನು ಅಡುಗೆಮನೆಗೆ ಒಯ್ದ ನನ್ನ ಮಡದಿ ಸ್ವಲ್ಪ ಹೊತ್ತಿನಲ್ಲಿ ಮರಳಿ ಬಂದಳು. ಬಿಸಿ ನೀರು, ಸೋಪು ಹಾಕಿ ಅವಳು ನಾಲ್ಕೈದು ಸಲ ಉಜ್ಜಿದ್ದಳು. ಆಮೇಲೆ ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿದ್ದಳು. ಹಸಿರು ಬಣ್ಣ ಬಟ್ಟೆಯಲ್ಲಿತ್ತು. "ಮಕ್ಕಳ ಊಟದ ಡಬ್ಬಿ ಇದು. ಮೀನು ಸಾರು ಚೆಲ್ಲಿದ ಡಬ್ಬಿಯನ್ನು ನಾವು ಹೇಗೆ ತೊಳೆಯುತ್ತೇವೆ ಅಂತ ನಿಮಗೆ ಇಬ್ಬರಿಗೂ ಗೊತ್ತುಂಟಾ?" ಎಂದಳು. ನಮಗೆ ಇಬ್ಬರಿಗೂ ಗೊತ್ತಿರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಪಾಲಿಪ್ರೊಪಿಲೀನ್ ಕರಗದಿದ್ದರೂ ಪ್ರಯೋಜನವಿಲ್ಲ. ಡಿಸ್ಪರ್ಸ್ ಬಣ್ಣಕ್ಕೆ ಅದರೊಳಗೆ ಹಿಡಿದು ಕೂರುವ ಜಾಗವೇ ಇಲ್ಲ. ಪಾಲಿಯೆಸ್ಟರಿಗೂ ಈ ಬಣ್ಣಕ್ಕೂ ಇರುವ ನಂಟು ಇದಕ್ಕಿಲ್ಲ. ಪಾಲಿಪ್ರೊಪಿಲೀನ್ ನೂಲಿಗೆ ಬಣ್ಣ ಹಾಕುವುದು ಗಿರಣಿಗಳಿಗೂ ಕಷ್ಟದ ಕೆಲಸ. ಸಾಮಾನ್ಯವಾಗಿ ಅದನ್ನು ಕರಗಿಸುವಾಗಲೇ ಬಣ್ಣ ಬೆರೆಸಿಬಿಡುತ್ತಾರೆ. ಅಂದರೆ ನಮ್ಮ ಡಬ್ಬಿಯ ಮೇಲಿದ್ದ ಬಣ್ಣ ಒಳಗಿಳಿದಿರಲಿಲ್ಲ, ಮೇಲೆ ಕೂತಿತ್ತು. ಮೇಲಾಗಿ ಅದು ಆಹಾರಕ್ಕೆ ತಾಗಲೆಂದು ಮಾಡಿದ ಬಣ್ಣವೂ ಅಲ್ಲ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಬಳಿಕ ಮೆಲ್ಲನೆ ಹೇಳಿದ: "ಉಸ್ತಾದ್, ಬಹುಮಾನ ಕೊಡುವ ದಿನ ಚೆನ್ನಾಗಿಯೇ ಕಾಣುತ್ತದೆ. ಒಂದೆರಡು ತಿಂಗಳು ನಿಲ್ಲಬಹುದು. ಬಹುಮಾನದ ಡಬ್ಬಿಯ ಬಣ್ಣ ಹೋಯಿತೆಂದು ಯಾರು ಕೇಳಲು ಬರುತ್ತಾರೆ? ಇಲ್ಲದಿದ್ದರೆ ನನ್ನ ಉಮ್ಮನ ಬಳೆ..." ಮಾತು ಮುಗಿಸಲಿಲ್ಲ.

ಸತ್ಯ ಹೇಳುತ್ತೇನೆ ಓದುಗರೇ, ಆ ಕ್ಷಣ ನನ್ನ ಮನಸ್ಸೂ ಅತ್ತ ವಾಲಿತು. ಕಮಿಟಿಯಲ್ಲಿ ಅವನ ಪರವಾಗಿ ಮಾತಾಡಿದವನು ನಾನು. ಅವನ ಸೋಲು ನನ್ನ ಮಾತಿನ ಸೋಲು ಕೂಡಾ. ಯಾರೂ ಕೇಳಲು ಬರುವುದಿಲ್ಲ ಎಂಬುದೂ ನಿಜ. ಆದರೆ ಅದೇ ಹುಡುಗನಿಗೆ ನಾನು ಏಳನೆಯ ತರಗತಿಯಲ್ಲಿ ಆ ಹದೀಸನ್ನು ಪಾಠ ಮಾಡಿದ್ದೆ. ಪ್ರವಾದಿ(ಸ) ಮದೀನದ ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದರು, ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು, ವಂಚಿಸುವವನು ತನ್ನವನಲ್ಲ ಎಂದೂ ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಘಟನೆ. ಆ ವ್ಯಾಪಾರಿ ಮಳೆಯನ್ನು ಸುರಿಸಿದವನಲ್ಲ. ನಷ್ಟ ಅವನ ತಪ್ಪಿನಿಂದಲೂ ಆದದ್ದಲ್ಲ. ಮುಚ್ಚಿಟ್ಟದ್ದು ಮಾತ್ರ ಅವನ ತಪ್ಪು. ಆ ಪಾಠವನ್ನು ಅದೆಷ್ಟೋ ವರ್ಷದಿಂದ ಮಾಡುತ್ತಿದ್ದೇನೆ. ಈ ಒಂದು ಅಂಶ ನನಗೆ ಹೊಳೆದದ್ದು ಮಡದಿಯ ಕೈಯಲ್ಲಿದ್ದ ಹಸಿರು ಬಟ್ಟೆಯನ್ನು ನೋಡಿದಾಗ.

ಫಿಕ್‌ಹ್ ಗ್ರಂಥಗಳಲ್ಲಿ ಖಿಯಾರುಲ್ ಐಬ್ ಎಂಬ ಅಧ್ಯಾಯವಿದೆ. ಕೊಂಡ ವಸ್ತುವಿನಲ್ಲಿ ಮೊದಲೇ ಇದ್ದ, ತನಗೆ ತಿಳಿಸದ ದೋಷ ಕಂಡುಬಂದರೆ ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಇಲ್ಲಿ ಕೊಳ್ಳುವವರು ಯಾರು? ಕಮಿಟಿ. ಹಣ ಯಾರದ್ದು? ಬೀಡಿ ಕಟ್ಟುವ ಮನೆಗಳಿಂದಲೂ ಬಂದ ದೇಣಿಗೆ. ಡಬ್ಬಿ ಬಳಸುವವರು ಯಾರು? ಹಕ್ಕು ಕೇಳಲು ತಿಳಿಯದ ಮಕ್ಕಳು. ಇದನ್ನೆಲ್ಲ ಹೇಳಿದಾಗ ಅವನು, "ಪಾಠದಲ್ಲಿ ಇದು ಸುಲಭ ಇತ್ತು ಉಸ್ತಾದ್" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ನಡಿ, ನಾನೂ ಬರುತ್ತೇನೆ" ಎಂದಷ್ಟೇ ಹೇಳಿದೆ.

ಕಮಿಟಿಯ ಮುಂದೆ ಅವನು ನಾಲ್ಕು ಒಳ್ಳೆಯ ಡಬ್ಬಿಗಳ ಜೊತೆ ಕರಗಿದ ಡಬ್ಬಿಗಳನ್ನೂ ಇಟ್ಟ. ನಾನು ಕೇಳದೆ, ತಿಳಿಯದೆ ಶಿಫಾರಸು ಮಾಡಿದ್ದನ್ನು ಒಪ್ಪಿಕೊಂಡೆ. ಎಲ್ಲರೂ ಹೊಗಳಿದರೆಂದು ಬರೆದರೆ ಸುಳ್ಳಾಗುತ್ತದೆ. ಒಬ್ಬರು ಚೆನ್ನಾಗಿಯೇ ಗದರಿದರು, ಮುಂಗಡ ಹಿಂದೆ ಕೊಡಬೇಕೆಂದರು. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಕೊನೆಗೆ ಹಾಳಾಗದೆ ಉಳಿದ ನೂರು ಡಬ್ಬಿಗಳನ್ನು ಹೆಸರಿಲ್ಲದೆಯೇ ಕೊಂಡ ಬೆಲೆಗೆ ತೆಗೆದುಕೊಂಡರು. ಉಳಿದ ನಲವತ್ತಕ್ಕೆ ಬೇರೆ ಡಬ್ಬಿ ಅವನೇ ತಂದುಕೊಟ್ಟ. ಮುಚ್ಚಳಕ್ಕೆ ಹೆಸರಿನ ವಿನೈಲ್ ಸ್ಟಿಕ್ಕರ್ ಅಂಟಿಸಿ ಕೊಟ್ಟ, ಅದಕ್ಕೆ ಕೂಲಿ ಪಡೆಯಲಿಲ್ಲ. ಒಟ್ಟಿನಲ್ಲಿ ಕೈಯಿಂದಲೇ ಹೋಯಿತು.

ಹಾಗಾದರೆ ಪ್ಲಾಸ್ಟಿಕ್ ಮೇಲೆ ಈ ಮುದ್ರಣ ಸಾಧ್ಯವೇ ಇಲ್ಲವೇ? ಇದೆ, ಎರಡು ಷರತ್ತುಗಳೊಂದಿಗೆ. ವಸ್ತು ಆ ಶಾಖವನ್ನು ತಾಳಬೇಕು, ಮೇಲೆ ಪಾಲಿಯೆಸ್ಟರ್ ಜಾತಿಯ ಲೇಪನ ಇರಬೇಕು. ಗಾಜಿನ ನಾರು ಸೇರಿಸಿದ ಎಫ್‌ಆರ್‌ಪಿ ಹಲಗೆಯ ಕೀಚೈನ್, ನಾಮಫಲಕಗಳು ಲೇಪನದೊಂದಿಗೆ ಸಿಗುತ್ತವೆ, ಅವು ಬಿಸಿಗೆ ಜಗ್ಗುವುದಿಲ್ಲ. ಮೊಬೈಲ್ ಕವರ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಲೇಪನವಿರುವ ತೆಳು ಅಲ್ಯೂಮಿನಿಯಂ ತಗಡನ್ನು ಪ್ರತ್ಯೇಕವಾಗಿ ಒತ್ತಿ, ತಣಿದ ಮೇಲೆ ಪ್ಲಾಸ್ಟಿಕ್ ಕವರಿನ ಬೆನ್ನಿಗೆ ಅಂಟಿಸುತ್ತಾರೆ. ಅಂದರೆ ಪ್ಲಾಸ್ಟಿಕ್‌ಗೆ ಬಿಸಿ ತಾಗುವುದೇ ಇಲ್ಲ. ಹೊಸದಾಗಿ ಶುರು ಮಾಡುವವರಿಗೆ ಇದೇ ಸುಲಭ. ಇನ್ನೊಂದರಲ್ಲಿ ಪಾಲಿಕಾರ್ಬನೇಟ್ ಕವರ್‌ನ ಅಂಚುಗಳವರೆಗೂ ಚಿತ್ರ ಬರುತ್ತದೆ. ಪಾಲಿಕಾರ್ಬನೇಟ್ ಕೂಡಾ 150ರ ಹತ್ತಿರ ಮೆತ್ತಗಾಗುವ ವಸ್ತುವೇ. ಅದಕ್ಕಾಗಿ ಕವರಿನೊಳಗೆ ಅದೇ ಆಕಾರದ ಲೋಹದ ಅಚ್ಚು ತೂರಿಸಿ, ಕಾಗದ ಹೊದಿಸಿ, ಗಾಳಿ ಹೀರುವ ಯಂತ್ರದಲ್ಲಿಟ್ಟು ಬಿಸಿ ಮಾಡುತ್ತಾರೆ. ಅಚ್ಚು ಆಕಾರವನ್ನು ಕಾಯುತ್ತದೆ. ಪ್ರತಿ ಮಾದರಿಯ ಫೋನಿಗೂ ಬೇರೆ ಅಚ್ಚು ಬೇಕಾದ್ದರಿಂದ ಬಂಡವಾಳ ಹೆಚ್ಚು.

ಸಾದಾ ಡಬ್ಬಿ, ಬಕೆಟ್, ಪೆನ್ನುಗಳಿಗೆ ಬೇರೆ ದಾರಿಗಳಿವೆ: ಸ್ಕ್ರೀನ್ ಪ್ರಿಂಟಿಂಗ್, ಪ್ಯಾಡ್ ಪ್ರಿಂಟಿಂಗ್, ಯುವಿ ಮುದ್ರಣ, ಈಗೀಗ ಬಿಸಿ ಇಲ್ಲದೆಯೇ ಅಂಟಿಸುವ ಯುವಿ ಡಿಟಿಎಫ್ ಸ್ಟಿಕ್ಕರ್. ಪಾಲಿಪ್ರೊಪಿಲೀನಿನ ಮೇಲೆ ಶಾಯಿ ಹಿಡಿಯಲು ಅದಕ್ಕೆ ಮೊದಲು ಜ್ವಾಲೆ ತಾಗಿಸಿ ಅಥವಾ ಪ್ರೈಮರ್ ಬಳಿದು ಹದ ಮಾಡಬೇಕು. ಇದನ್ನು ಪೇಟೆಯ ಅನುಭವಿಗಳಿಗೇ ಬಿಡುವುದು ಲೇಸು.

ಯಂತ್ರ ಕೊಳ್ಳುವವರಿಗೆ ಇನ್ನು ಕೆಲವು ಮಾತು. ಈ ಶಾಯಿಯಲ್ಲಿ ಬಿಳಿ ಬಣ್ಣವಿಲ್ಲ. ಆದ್ದರಿಂದ ಬಿಳಿ ಅಥವಾ ತಿಳಿ ಬಣ್ಣದ ವಸ್ತುವಿಗೆ ಮಾತ್ರ ಆಗುತ್ತದೆ. ಪ್ರಿಂಟರ್ ಶಾಯಿಯನ್ನು ಬಿಸಿ ಮಾಡಿ ಚಿಮ್ಮಿಸುವ ಜಾತಿಯದ್ದಾಗಿರಬಾರದು. ಎಪ್ಸನ್‌ನಂತೆ ಬಿಸಿ ಮಾಡದೆ ಒತ್ತಿ ಚಿಮ್ಮಿಸುವ ಬಗೆ ಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೆ ಕಾಗದ ತೇವ ಹೀರಿ ಬಣ್ಣ ಹರಡುತ್ತದೆ, ಕವರಿನೊಳಗೆ ಬಿಗಿಯಾಗಿ ಕಟ್ಟಿಡಿ. ಒತ್ತುವಾಗ ಕಾಗದ ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಬೀಳುತ್ತದೆ, ಬಿಸಿ ತಾಳುವ ಟೇಪು ಹಾಕಿ. ಚಿತ್ರವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಮುದ್ರಿಸಬೇಕು. ನಮ್ಮವನು ಮೊದಲ ದಿನ ಇದನ್ನು ಮರೆತು, ಕನ್ನಡವನ್ನೂ ಅರಬಿಯಂತೆ ಬಲದಿಂದ ಎಡಕ್ಕೆ ಬರೆದುಬಿಟ್ಟಿದ್ದ! ಕೋಣೆಗೆ ಗಾಳಿ ಆಡುವಂತಿರಲಿ.

ಒಂದು ವಿಷಯ ಮಾತ್ರ ನನ್ನನ್ನು ಈಗಲೂ ಕಾಡುತ್ತದೆ. ಮಗ್ ಮೇಲೆ ಆಯತುಲ್ ಕುರ್ಸಿ ಬೇಕು, ತಟ್ಟೆಯ ಮೇಲೆ ಬಿಸ್ಮಿ ಬೇಕು ಎಂದು ಜನ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಮಗ್ ಬಿರುಕು ಬಿಟ್ಟ ದಿನ ಅದು ಹೋಗುವುದು ಕಸದ ಗಾಡಿಗೆ. ಕಾಗದವಾದರೆ ಸುಟ್ಟೋ ಹೂತೋ ಗೌರವ ಕಾಪಾಡಬಹುದು. ಒಳಗಿಳಿದು ಕೂತ ಈ ಬಣ್ಣವನ್ನು ಅಳಿಸುವುದು ಹೇಗೆ? ಒತ್ತಿದ ಬಳಿಕ ಉಳಿಯುವ ಕಾಗದದಲ್ಲೂ ಆಯತಿನ ಮಸುಕು ಅಚ್ಚು ಉಳಿದಿರುತ್ತದೆ. ಅಂಗಡಿಯ ಬುಟ್ಟಿಯಲ್ಲಿ ಅದನ್ನು ನಾನೇ ಕಂಡಿದ್ದೇನೆ. ಇದು ಫತ್ವಾ ಅಲ್ಲ, ನನ್ನ ಅನಿಸಿಕೆ: ಗೋಡೆಗೆ ತೂಗುವ ಫಲಕಕ್ಕೆ ಸರಿ, ಎಂಜಲಾಗುವ ಪಾತ್ರೆಗೆ ಬೇಡ. ಅವನು ಒಪ್ಪಿದ್ದಾನೆ. ಮಗ್‌ಗೆ ಕೇಳಿದರೆ ಬೇರೇನಾದರೂ ಬರೆಸಿಕೊಳ್ಳಿ ಎನ್ನುತ್ತಾನೆ. ಕೆಲವರು ಮುನಿಸಿಕೊಂಡು ಬೇರೆ ಅಂಗಡಿಗೆ ಹೋಗುವುದೂ ಇದೆ.

ಇದೆಲ್ಲ ನಡೆದು ಎರಡು ವರ್ಷವಾಯಿತು. ಜೆರ್ಸಿ ಮತ್ತು ಮೊಬೈಲ್ ಕವರಿನಲ್ಲಿ ಅವನ ಕೈ ಕುದುರಿದೆ. ಬಳೆಗಳಲ್ಲಿ ಒಂದು ಮರಳಿ ಬಂದಿದೆ, ಇನ್ನೊಂದು ಇನ್ನೂ ಬಾಕಿ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಅಟ್ಟದಲ್ಲಿ ಆ ನಲವತ್ತು ಡಬ್ಬಿಗಳ ಪೈಕಿ ಕೆಲವು ಸಾಲಾಗಿದ್ದವು. ಮುಚ್ಚಳಗಳನ್ನು ಎಸೆದು, ಒಳಗೆ ಹುಣಸೆಹುಳಿ, ಒಣಮೆಣಸು ತುಂಬಿ ಅವನ ಉಮ್ಮ ಮೇಲೆ ಸ್ಟೀಲಿನ ಬಸಿ ಕವುಚಿಟ್ಟಿದ್ದರು.